ಅರ್ಧ ಹೇಳಿದ ಮಂತ್ರ

ಆ ಭಾನುವಾರ ಮಧ್ಯಾಹ್ನ ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಜನರಿದ್ದೆವು. ಊಟದ ಮೇಜಿನ ತಲೆಯ ಕಡೆ ವೀರೇಶ. ಎದುರುಮನೆಯ ಹುಡುಗ, ಖಾಸಗಿ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ಅವನ ಎಡಕ್ಕೆ ಬಸಣ್ಣ. ಶೇಂಗಾ ವ್ಯಾಪಾರಿ, ನನ್ನ ಓರಗೆಯವನು, ಅಂದರೆ ಐವತ್ತು ದಾಟಿಯೂ ಅದನ್ನು ಒಪ್ಪಿಕೊಳ್ಳದವನು. ಬಲಕ್ಕೆ ನನ್ನ ಅಕ್ಕನ ಮಗಳು ಗಿರಿಜೆ. ಮಡಕಶಿರದವಳು, ಇಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಲೆಕ್ಕ ನೋಡುವ ಕೆಲಸ ಸಿಕ್ಕಿ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಹೆಂಡತಿ ಸರೋಜ ಆಟಕ್ಕೆ ಸೇರಿದವಳಲ್ಲ. ಗೋಡೆಗೊರಗಿ ಅವರೆಕಾಯಿ ಸುಲಿಯುತ್ತ, ಆಟದೊಳಗಿರುವ ನಮಗೆ ಹೊಳೆಯದ ಮಾತುಗಳನ್ನು ಹೊರಗಿನಿಂದ ಎಸೆಯುವವಳು. ಐದನೆಯವನು ನಾನು, ಹೊಸ ಮಂತ್ರಗಳನ್ನು ಕಟ್ಟುವವನು.

ಮಂತ್ರ ಕಟ್ಟುವವನು ಎಂದೊಡನೆ ನೀವು ನನ್ನ ಹಣೆಯ ಮೇಲೆ ಅಂಗೈ ಅಗಲದ ಕುಂಕುಮವನ್ನೂ ಕೈಯಲ್ಲಿ ನಿಂಬೆಹಣ್ಣನ್ನೂ ಕಲ್ಪಿಸಿಕೊಂಡಿದ್ದರೆ ತಪ್ಪು ನಿಮ್ಮದಲ್ಲ. ಆದರೆ ನನ್ನದು ಗುಂಡಿ, ಜಿಪ್ಪು, ದಾರದ ಅಂಗಡಿ. ಮಾವನವರು ಇಟ್ಟ ಅಂಗಡಿ ಅದು. ಅಗಳಿ ಕಡೆಯ ಹಳ್ಳಿಯಿಂದ ಅಳಿಯನಾಗಿ ಬಂದವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತೆ, ಇನ್ನೂ ಎದ್ದಿಲ್ಲ. ಊರಿಗೆಲ್ಲ ಇವತ್ತಿಗೂ ನಾನು ಅಳಿಯನೇ. ಸರೋಜಳನ್ನು ತಂಗಿ ಎಂದು ಕರೆಯುವ ಬಸಣ್ಣನಂತೂ ನನ್ನ ಹೆಸರನ್ನು ಮರೆತೇಬಿಟ್ಟಿರಬೇಕು, ‘ಅಳಿಯದೇವ್ರು’ ಎಂದಲ್ಲದೆ ಬೇರೆ ಹೆಸರಿನಿಂದ ಅವನು ನನ್ನನ್ನು ಕೂಗಿದ್ದು ನನಗೆ ನೆನಪಿಲ್ಲ.

ಮಂತ್ರಗಳು ಬೇಕಾದದ್ದು ಒಂದು ಆಟಕ್ಕೆ. ವೀರೇಶ ಬಳ್ಳಾರಿಯಲ್ಲಿ ಓದುವಾಗ ಕಲಿತುಕೊಂಡು ಬಂದ ಆಟ ಅದು. ಮೇಜಿನ ಸುತ್ತ ಕೂತು ಆಡುವುದು. ಒಬ್ಬ ಕಥೆ ನಡೆಸುತ್ತಾನೆ. ಕಾಡು, ಕೋಟೆ, ರಕ್ಕಸ, ಹಳ್ಳಿ ಎಲ್ಲವೂ ಅವನ ಬಾಯಿಂದ ಹುಟ್ಟಬೇಕು. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಿದ್ದು ಫಲಿಸಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಮೊದಲ ದಿನ ಇದನ್ನೆಲ್ಲ ಕೇಳಿಸಿಕೊಂಡ ಬಸಣ್ಣ, “ಅಂದ್ರ ಬಣ್ಣ ಹಚ್ಚದ ಬಯಲಾಟ ಅನ್ನಪಾ, ಕುಂತು ಆಡೂದು” ಎಂದ. ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಈವರೆಗೆ ಕೇಳಿಲ್ಲ. ದಿನವಿಡೀ ಶೇಂಗಾ ತೂಗುವ ಬಸಣ್ಣ ಆಟದಲ್ಲಿ ಕಳ್ಳನ ಪಾತ್ರ ಆರಿಸಿಕೊಂಡ. ಸರೋಜ, “ಅದೇನ್ ಹೊಸಾದು ಬಸಣ್ಣ?” ಎಂದಳು. ನಾನು ನಾಟಿವೈದ್ಯನಾದೆ.

ವೀರೇಶನ ಬಳಿ ಇಂಗ್ಲಿಷಿನ ದಪ್ಪ ಪುಸ್ತಕವೊಂದಿತ್ತು. ಅದರ ತುಂಬ ಮಂತ್ರಗಳು. ಓದಿಸಿ ಕೇಳಿದೆವು. ಒಂದು ಬೆಂಕಿಯ ಉಂಡೆ ಎಸೆಯುತ್ತದೆ, ಇನ್ನೊಂದು ಬೆಂಕಿಯ ಗೋಡೆ ಎಬ್ಬಿಸುತ್ತದೆ, ಮತ್ತೊಂದು ಬೆಂಕಿಯ ಮಳೆ ಸುರಿಸುತ್ತದೆ. ಬಸಣ್ಣ ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡು, “ಚಳೀ ದೇಶದೋರು ಬರ್ದಿರ್ಬೇಕು. ರಾಯದುರ್ಗದಾಗ ಬೆಂಕಿ ಕರ್ಸಾಕ ಮಂತ್ರ ಯಾಕ ಬೇಕ್ರಿ? ಏಪ್ರಿಲ್ ತಿಂಗಳು ಬಾಗ್ಲಾ ತಗದ್ರ ಸಾಕು” ಎಂದ. ಆವತ್ತೇ ನಿಶ್ಚಯವಾಯಿತು, ನಮ್ಮ ಮಂತ್ರಗಳನ್ನು ನಾವೇ ಕಟ್ಟಿಕೊಳ್ಳಬೇಕೆಂದು. ಎಲ್ಲರೂ ನನ್ನ ಕಡೆ ನೋಡಿದರು. “ಕಾಕಾ, ನಿಮ್ ಬಾಯಾಗ ಹಳೇ ಮಾತು ಭಾಳ ಅದಾವು. ನೀವೇ ಕಟ್ರಿ” ಎಂದ ವೀರೇಶ. ಹೊಗಳಿಕೆ ಎಂದುಕೊಂಡು ಒಪ್ಪಿದೆ. ಸದಾ ವಟಗುಟ್ಟುವವನಿಗೆ ಒಂದು ಕೆಲಸ ಹಚ್ಚಿದರೆ ಆಟ ಸುಗಮವಾಗಿ ನಡೆದೀತೆಂಬ ಲೆಕ್ಕವೂ ಮೇಷ್ಟ್ರಿಗೆ ಇದ್ದಿರಬಹುದು.

ಕೂತು ಯೋಚಿಸಿದಾಗ ಒಂದು ಸಂಗತಿ ಹೊಳೆಯಿತು. ನನ್ನ ತಾತ, ಅಜ್ಜಿ, ಊರಿನ ಕುರಿಯವರು, ಇವರ ಬಾಯಲ್ಲಿ ಕೇಳಿದ ಮಂತ್ರಗಳಲ್ಲಿ ಬೆಟ್ಟ ಸೀಳುವಂಥದ್ದು ಒಂದೂ ಇಲ್ಲ. ತಲೆನೋವು ಇಳಿಸುವುದಕ್ಕೆ ಒಂದು, ಹಾಲು ಕೊಡದ ಎಮ್ಮೆಗೆ ಒಂದು, ಕಳೆದುಹೋದ ಕರು ತಾನಾಗಿ ಮನೆಗೆ ಬರಲು ಒಂದು. ಎಲ್ಲ ಸಣ್ಣ ಸಣ್ಣ ಕೆಲಸದವು, ಮನೆಯ ಚಿಲಕ ಸರಿಮಾಡುವ ಬಡಗಿಯ ಹಾಗೆ. ಮತ್ತು ಒಂದೊಂದಕ್ಕೂ ಒಂದು ಕಟ್ಟುಪಾಡು. ಚೇಳಿನ ಮಂತ್ರ ಬಲ್ಲವನು ಪಡವಲಕಾಯಿ ತಿನ್ನುವಂತಿಲ್ಲ. ಕರೆದ ಮನೆಗೆ ಹೋಗದೆ ಇರುವಂತಿಲ್ಲ, ಹೋದ ಮನೆಯಲ್ಲಿ ನೀರು ಕೂಡ ಕುಡಿಯುವಂತಿಲ್ಲ. ಮಂತ್ರದಿಂದ ಚೇಳಿನ ವಿಷ ಇಳಿಯಿತೋ ಇಲ್ಲವೋ ನಾನರಿಯೆ. ನಮ್ಮ ತಾತನೇ ಕುಟ್ಟಿಸಿಕೊಂಡಾಗ ಎತ್ತಿನ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಹೋದವನು. ಆದರೆ ಶಕ್ತಿಯುಳ್ಳವನು ಏನಾದರೂ ಒಂದನ್ನು ಬಿಟ್ಟುಕೊಡಬೇಕು ಎಂಬ ಮಾತು ಮಾತ್ರ ಚೆನ್ನಾಗಿದೆ ಎನಿಸುತ್ತದೆ.

ಅವುಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ್ದು ಕುರಿಯವರ ಬಾಯಿಕಟ್ಟು. ಸಂಜೆ ಹಟ್ಟಿ ಹಾಕಿದ ಮೇಲೆ ಕುರಿಯವನು ಸುತ್ತ ಒಂದು ಗೆರೆ ಎಳೆದು, ಮಂತ್ರ ಹೇಳಿ, ಆ ಸೀಮೆಯ ತೋಳಗಳ ಬಾಯಿ ಕಟ್ಟಿಬಿಡುತ್ತಾನೆ. ತೋಳ ಬಂದರೂ ಬಾಯಿ ತೆರೆಯಲಾರದು. ಆದರೆ ಬೆಳಗ್ಗೆ ಹಟ್ಟಿ ಎಬ್ಬಿಸುವ ಮುಂಚೆ ಕುರಿಯವನು ಆ ಕಟ್ಟನ್ನು ಬಿಚ್ಚಲೇಬೇಕು. ಮರೆತರೆ ತೋಳ ಉಪವಾಸ ಬಿದ್ದು ಸಾಯುತ್ತದೆ, ಅದರ ಪಾಪ ಇವನಿಗೆ. “ತೋಳಕ್ಕೂ ಹೊಟ್ಟೆ ಐತಲ್ಲಪ್ಪ” ಎನ್ನುತ್ತಿದ್ದ ತಾತ. ಶತ್ರುವಿನ ಹಸಿವನ್ನೂ ಲೆಕ್ಕಕ್ಕೆ ಇಟ್ಟುಕೊಂಡ ಮಂತ್ರ ಆ ದಪ್ಪ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ಇಷ್ಟೆಲ್ಲ ತಿಳಿದ ನಾನು ಕಟ್ಟಿದ ಮೊದಲ ಮಂತ್ರ ಯಾವುದೆಂದು ಕೇಳಬೇಡಿ. ಕೇಳಿದಿರಾದರೆ, ಮಳೆಯದು. ನಮ್ಮ ಸೀಮೆಯವನು ಬೇರೆ ಏನು ಕಟ್ಟಿಯಾನು? ಕೈಯಲ್ಲಿ ಹಿಡಿ ಮಣ್ಣು ಹಿಡಿದು ಕರೆದರೆ ಮೂರು ಹರಿದಾರಿ ಸುತ್ತ ಮಳೆ. ಅಪಾಯವೇ ಇಲ್ಲದ ಮಂತ್ರ ಎಂದುಕೊಂಡಿದ್ದೆ. ನಮ್ಮ ತಂಡ ಕಥೆಯಲ್ಲಿ ಒಂದು ಹಳ್ಳಿ ಹೊಕ್ಕಿತು, ನಾನು ಜನರ ಮೆಚ್ಚುಗೆ ಗಳಿಸಲು ಮಳೆ ಕರೆದೆ. ವೀರೇಶ ಶಾಂತವಾಗಿ, “ಕಾಕಾ, ಊರಾಗ ಶೇಂಗಾ ಕಿತ್ತು ಹೊಲದಾಗ ಒಣಗಾಕ ಹಾಕ್ಯಾರ” ಎಂದ. ಬಸಣ್ಣ ತಲೆ ಮೇಲೆ ಕೈ ಹೊತ್ತು, “ಅಯ್ಯೋ, ಮುಗೀತು! ಎಲ್ಲಾ ಮೊಳಕಿ ಬರ್ತೈತಿ!” ಎಂದು ನಿಜವಾಗಿಯೇ ಸಂಕಟಪಟ್ಟ. ಹಳ್ಳಿಯವರು ನಮ್ಮನ್ನು ಗಡಿ ದಾಟುವವರೆಗೆ ಅಟ್ಟಿಸಿಕೊಂಡು ಬಂದರು. ಒಳ್ಳೆಯದನ್ನು ಮಾಡುವ ಮಂತ್ರಕ್ಕೆ ಯಾವಾಗ, ಯಾರಿಗೆ ಎಂಬ ಪ್ರಶ್ನೆಗಳು ಕೆಟ್ಟದ್ದನ್ನು ಮಾಡುವ ಮಂತ್ರಕ್ಕಿಂತ ಹೆಚ್ಚು ಬೇಕು ಎಂದು ಆವತ್ತು ಕಲಿತೆ. ಕಲಿತೆ ಎಂದೇ ತಿಳಿದಿದ್ದೆ.

ಇನ್ನೊಂದು ನಿಯಮವೂ ನನ್ನ ಬಾಯಿಂದಲೇ ಆಟಕ್ಕೆ ಬಂದಿತ್ತು. ಮಂತ್ರ ಹೇಳುವಾಗ ತಡವರಿಸಿದರೆ ಅದು ಹೇಳಿದವನಿಗೇ ತಿರುಗಿ ಹೊಡೆಯುತ್ತದೆ ಎಂದು ತಾತ ಹೇಳುತ್ತಿದ್ದ ಕಥೆಯೊಂದನ್ನು ನಾನು ರುಚಿಕಟ್ಟಾಗಿ ಹೇಳಿದ್ದೆ. ಚೇಳಿನ ಮಂತ್ರದವನೊಬ್ಬ ಒಂದು ಅಕ್ಷರ ಎಡವಿ, ರೋಗಿ ಎದ್ದು ಕೂತು ಇವನೇ ಕಾಲು ಹಿಡಿದುಕೊಂಡು ಕುಣಿದ ಕಥೆ. ವೀರೇಶನಿಗೆ ಇಷ್ಟವಾಯಿತು. ಅಂದಿನಿಂದ ನಮ್ಮ ಮೇಜಿನಲ್ಲಿ ಮಂತ್ರವನ್ನು ಗಟ್ಟಿಯಾಗಿ, ಎಡವದೆ ಹೇಳಬೇಕು. ಎಡವಿದರೆ ಪೆಟ್ಟು ತನಗೇ. ನಮ್ಮ ಪೈಕಿ ಯಾರೂ ಎಡವುತ್ತಿರಲಿಲ್ಲವಾದ್ದರಿಂದ ಆ ನಿಯಮ ಯಾರಿಗೂ ನೋವು ಕೊಡದೆ ಮೂಲೆಯಲ್ಲಿ ಬಿದ್ದಿತ್ತು.

ಆಮೇಲೆ ಗಿರಿಜೆ ಬಂದಳು.

ಗಿರಿಜೆಗೆ ಉಗ್ಗು. ಎಳವೆಯಿಂದಲೂ ಇದೆ. ಅವಳು ಹೇಳಿದ್ದನ್ನೆಲ್ಲ ಇಲ್ಲಿ ನೇರವಾಗಿಯೇ ಬರೆಯುತ್ತೇನೆ. ಹೇಳಲು ಹಿಡಿದ ಹೊತ್ತನ್ನು ನೀವೇ ಸೇರಿಸಿಕೊಳ್ಳಿ. ಮನೆಯಲ್ಲಿ ಅಕ್ಕ ಅವಳ ಪರವಾಗಿ ಮಾತಾಡುತ್ತಾಳೆ. ಮದುವೆ ಮುಂಜಿಗಳಲ್ಲಿ “ಏನ್ ಓದ್ತಿದೀಯ ತಾಯಿ?” ಎಂದು ಯಾರಾದರೂ ಕೇಳಿದರೆ ಉತ್ತರ ಅಕ್ಕನಿಂದ. ಇಲ್ಲಿ ಯೂನಿಟ್ಟಿನ ಕೆಲಸ ಕೊಡಿಸಿದವನು ನಾನು. ಮಾತೇ ಬೇಕಾಗದ ಕೆಲಸ ಹುಡುಕಿದೆನಲ್ಲ ಎಂದು ಬೀಗಿದವನೂ ನಾನೇ. ಆರು ದಿನ ಅವಳು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಏಳನೆಯ ದಿನ, ನಾನು ಹೇಳಿದ ಆ ಭಾನುವಾರ, ತಾನಾಗಿ ಕುರ್ಚಿ ಎಳೆದುಕೊಂಡು ನಮ್ಮ ಮೇಜಿಗೆ ಬಂದು ಕೂತಳು.

“ಬಿಲ್ಲುಗಾರ್ತಿ ಆಗ್ತೀಯೇನಮ್ಮ?” ವೀರೇಶ ಕೇಳಿದ. “ಗುರಿ ಇಡೋದು, ಬಿಡೋದು. ಸುಲಭ ಐತಿ.”

“ಮಂತ್ರಗಾತಿ ಆಗ್ತೀನಿ” ಎಂದಳು ಗಿರಿಜೆ.

ವೀರೇಶ ನನ್ನ ಮುಖ ನೋಡಿದ, ನಾನು ಬಸಣ್ಣನ ಮುಖ ನೋಡಿದೆ, ಬಸಣ್ಣ ಫ್ಯಾನು ನೋಡಿದ. ಮೂಲೆಯಲ್ಲಿ ಬಿದ್ದಿದ್ದ ನಿಯಮ ಎದ್ದು ಬಂದು ಮೇಜಿನ ನಡುವೆ ಕೂತಿತ್ತು. ಆವತ್ತು ಅವಳು ಎರಡು ಸಲ ಮಂತ್ರ ಹೇಳಿದಳು, ಎರಡು ಸಲವೂ ಪೆಟ್ಟು ಅವಳಿಗೇ ತಿರುಗಿತು. ಅವಳು ನಕ್ಕಳು. ಆ ನಗು ನಮಗಾಗಿ ನಕ್ಕದ್ದೆಂದು ನಮಗೆಲ್ಲ ಗೊತ್ತಾಯಿತು.

ಏನಾದರೂ ಮಾಡಬೇಕಿತ್ತು. ಮಂತ್ರ ಕಟ್ಟುವವನು ನಾನಲ್ಲವೇ? ಇಡೀ ವಾರ ಅಂಗಡಿಯಲ್ಲಿ ಜಿಪ್ಪು ಕೇಳಿದವರಿಗೆ ಗುಂಡಿ ಕೊಡುತ್ತ ಯೋಚಿಸಿದೆ. ಗುರುವಾರ ಹೊಳೆಯಿತು. ನಮ್ಮ ಅಜ್ಜಿ ದೃಷ್ಟಿ ತೆಗೆಯುತ್ತಿದ್ದುದು ನೆನಪಾಯಿತು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಮುಷ್ಟಿಯಲ್ಲಿ ಹಿಡಿದು, ನಮ್ಮನ್ನು ಕೂರಿಸಿ ನೀವಾಳಿಸಿ, ಹೊರಗೆ ಹೋಗಿ ಮೂರು ದಾರಿ ಕೂಡುವಲ್ಲಿ ಎಸೆದು ಬರುತ್ತಿದ್ದಳು. ಶುರುವಿನಿಂದ ಕಾಲು ತೊಳೆದು ಒಳಗೆ ಬರುವವರೆಗೆ ಅವಳು ತುಟಿ ಬಿಚ್ಚುವಂತಿರಲಿಲ್ಲ. ದಾರಿಯಲ್ಲಿ ಯಾರು ಕರೆದರೂ ಓಗೊಡುವಂತಿಲ್ಲ. ಮಾತಾಡಿದರೆ ದೃಷ್ಟಿ ಹಿಂದೆಯೇ ಬರುತ್ತದೆ. ಇಡೀ ಸೀಮೆಯಲ್ಲಿ ಇದಕ್ಕಿಂತ ಬಲವಾದ ಮಂತ್ರ ಇಲ್ಲ, ಇದರಲ್ಲಿ ಮಾತೇ ಇಲ್ಲ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟಕಲಿಲ್ಲ, ಅಷ್ಟೆ.

ಮುಂದಿನ ಭಾನುವಾರ ಮೇಜಿನ ಮೇಲೆ ಒಂದು ಬಟ್ಟಲು ಉಪ್ಪು ಇಟ್ಟು ನನ್ನ ಮೂಕಮಂತ್ರಗಳನ್ನು ಒಂದೊಂದಾಗಿ ಆಡಿ ತೋರಿಸಿದೆ. ಬಲಗೈ ಮುಷ್ಟಿ ಹೀಗೆ ತಿರುಗಿಸಿದರೆ ಶತ್ರುವಿನ ಕತ್ತಿ ತುಕ್ಕು ಹಿಡಿಯುತ್ತದೆ. ಉಪ್ಪನ್ನು ಹೀಗೆ ಚೆಲ್ಲಿದರೆ ಬಾಗಿಲು ತೆರೆಯುತ್ತದೆ. ಬೆನ್ನು ತಿರುಗಿಸಿ ಹೀಗೆ ನಡೆದರೆ ಯಾರಿಗೂ ಕಾಣುವುದಿಲ್ಲ. ಬಸಣ್ಣ, “ಅಳಿಯದೇವ್ರು ಕೂಚಿಪುಡಿ ಕಲ್ತಾರ” ಎಂದ. ವೀರೇಶ ನಿಜವಾಗಿಯೂ ಮೆಚ್ಚಿಕೊಂಡ. ಗಿರಿಜೆ ಪೂರ್ತಿ ನೋಡಿದಳು.

“ಚೆನ್ನಾಗವೆ ಮಾವ. ಇವು ಯಾರಿಗೆ?”

“ನಿಂಗೇ ಕಣಮ್ಮ, ಇನ್ಯಾರಿಗೆ?”

ಅವಳು ಕೈಯಲ್ಲಿದ್ದ ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಆರು ದಿವ್ಸ ಬಾಯಿ ಮುಚ್ಕೊಂಡಿರ್ತೀನಿ. ಇಲ್ಲೂ ಮುಚ್ಕೊಂಡಿರಾಕೆ ನಾನ್ಯಾಕ್ ಬರ್ಬೇಕು? ಮಾತಾಡಾಕೇ ಬಂದಿದ್ದು ಮಾವ ನಾನು.” ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ಆ ಮಾತು ಹೇಳಲು ಅವಳಿಗೆ ಹಿಡಿದ ಹೊತ್ತಿನಲ್ಲಿ ನಾನು ನಾಲ್ಕು ಸಲ ಬಾಯಿ ಹಾಕಿ ಅವಳ ಪದಗಳನ್ನು ಮುಗಿಸಿಕೊಟ್ಟಿದ್ದೆ ಎಂದು ಸರೋಜ ಆಮೇಲೆ ಹೇಳಿದಳು. ನನಗೆ ಅರಿವೇ ಇರಲಿಲ್ಲ. ಸರೋಜ ಇನ್ನೊಂದನ್ನೂ ಹೇಳಿದಳು: “ನೀವೇ ಹೇಳ್ತಿದ್ರೆಲ್ಲ, ತ್ವಾಳದ ಬಾಯಿ ಕಟ್ಟೂ ಕಥಿ. ಹುಡುಗೀದೂ ಹಂಗ ಕಟ್ಟೀರಿ ನೋಡ್ರಿ. ಬೆಳಿಗ್ಗೆ ಬಿಚ್ಚಬೇಕು ಅನ್ನೋದು ಮರ್ತೀರಿ.”

ಈ ಮುಗಿಸಿಕೊಡುವ ಚಾಳಿಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಎರಡು ಭಾಷೆಯ ಗಡಿಯಲ್ಲಿ ಬೆಳೆದವರಿಗೆ ಇದು ರಕ್ತದಲ್ಲೇ ಬಂದಿರುತ್ತದೆ. ನಮ್ಮಲ್ಲಿ ಯಾರಾದರೂ ಮಾತಿನ ನಡುವೆ ನಿಂತರೆ, ಪಾಪ, ಕನ್ನಡದ ಪದಕ್ಕೆ ತಡಕುತ್ತಿದ್ದಾನೆ ಎಂದುಕೊಂಡು ತೆಲುಗಿನದನ್ನು ಕೊಡುತ್ತೇವೆ. ತೆಲುಗಿನವನು ನಿಂತರೆ ಕನ್ನಡದ್ದನ್ನು. ಸಂತೆಯಲ್ಲಿ, ಆಟೋದಲ್ಲಿ, ಮಂಡಲ ಆಫೀಸಿನ ಕಿಟಕಿಯ ಮುಂದೆ, ಒಬ್ಬನು ಶುರುಮಾಡಿದ ವಾಕ್ಯವನ್ನು ಇನ್ನೊಬ್ಬ ಬೇರೆ ಭಾಷೆಯಲ್ಲಿ ಮುಗಿಸುತ್ತಾನೆ, ಇಬ್ಬರೂ ತೃಪ್ತರಾಗಿ ಹೋಗುತ್ತಾರೆ. ದಾಹವಾದವನಿಗೆ ನೀರು ಕೊಟ್ಟಷ್ಟೇ ಸಹಜ ಅದು. ಮದುವೆಯಾದ ಹೊಸತರಲ್ಲಿ ನನ್ನ ಮಡಕಶಿರದ ಮಾತು ಇಲ್ಲಿಯವರಿಗೆ ವಿಚಿತ್ರವಾಗಿ ಕೇಳಿಸಿ, ನಾನು ‘ಅಂಗಂದ್ರೆ’ ಎನ್ನುವಷ್ಟರಲ್ಲಿ ಅತ್ತೆಯವರು ಪೂರ್ತಿ ವಾಕ್ಯವನ್ನು ರಾಯದುರ್ಗದ ಕನ್ನಡದಲ್ಲಿ ಆಡಿ ಮುಗಿಸುತ್ತಿದ್ದರು. ಎಷ್ಟೋ ಸಲ ಅವರು ಮುಗಿಸಿದ್ದು ನಾನು ಹೇಳಹೊರಟದ್ದಾಗಿರಲಿಲ್ಲ. ಆದರೂ ಹೂಂ ಎಂದುಬಿಡುತ್ತಿದ್ದೆ. ಹಾಗೆ ಒಮ್ಮೆ ಹೂಂ ಎಂದದ್ದಕ್ಕೇ ನನಗೆ ಸೇರದ ಹಾಗಲಕಾಯಿ ಗೊಜ್ಜನ್ನು ವರ್ಷಾನುಗಟ್ಟಲೆ ಮೆಚ್ಚಿ ತಿನ್ನಬೇಕಾಯಿತು. ಪದ ಸಿಗದವನಿಗೆ ಪದ ಕೊಡುವುದು ಬೇರೆ. ಗಿರಿಜೆಗೆ ಪದ ಸಿಕ್ಕಿರುತ್ತದೆ. ಅದು ಅವಳ ಬಾಯಲ್ಲೇ ಇದೆ, ಹೊರಗೆ ಬರಲು ತನ್ನ ಹೊತ್ತು ತೆಗೆದುಕೊಳ್ಳುತ್ತಿದೆ. ನಾವು ಅವಳ ಬಾಯೊಳಗಿನ ಪದವನ್ನು ಬಿಟ್ಟು ನಮ್ಮದೊಂದನ್ನು ತುರುಕುತ್ತೇವೆ. ಇಷ್ಟು ಸರಳವಾದದ್ದು ತಿಳಿಯಲು ನನಗೆ ಮಂತ್ರ, ರಕ್ಕಸ, ಇಪ್ಪತ್ತು ಮುಖದ ದಾಳ ಎಲ್ಲ ಬೇಕಾದವು.

ಆ ವಾರ ಮನೆಯಲ್ಲಿ ಮಾತು ಕಡಿಮೆ. ಇನ್ನು ಮೇಲೆ ಭಾನುವಾರಗಳಂದು ಊರಿಗೆ ಹೋಗಿಬರುತ್ತೇನೆ ಎಂದು ಗಿರಿಜೆ ಸರೋಜಳಿಗೆ ಹೇಳಿದ್ದಳು. ಅಂದರೆ ಮೇಜಿಗೆ ಬರುವುದಿಲ್ಲ ಎಂದು. ವೀರೇಶ ಗಾಬರಿಯಾಗಿ ಬಂದು ನಿಂತ. “ನಿಯಮಾನೇ ತಗದ್ರಾತು ಬಿಡು ತಂಗಿ. ನಿನಗ ಮಾತ್ರ ತಿರುಗಿ ಹೊಡಿಯೂದಿಲ್ಲ.”

“ನಂಗೊಬ್ಳಿಗೇ ಯಾಕಣ್ಣ?” ಎಂದಳು ಗಿರಿಜೆ. ಈ ಸಲ ನಾನು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡು ಕೇಳಿದೆ. “ನಂಗೆ ಅಂತ ತೆಗ್ದ್ರೆ ನಾನು ಆಡ್ದಂಗಾಗಲ್ಲ, ನೀವು ಆಡಿಸ್ದಂಗಾಗ್ತೈತೆ. ಮಂತ್ರ ಕಟ್ಟೋದು ಮಾವ ಒಬ್ರೇನಾ? ನಾನ್ ಒಂದು ಕಟ್ತೀನಿ. ಅದು ಸರಿ ಐತೋ ಇಲ್ವೋ ಎಲ್ರೂ ಸೇರಿ ನೋಡಿ. ಸರಿ ಇಲ್ದಿದ್ರೆ ಬ್ಯಾಡ.”

ಭಾನುವಾರ ಅವಳು ಊರಿಗೆ ಹೋಗಲಿಲ್ಲ. ಮೇಜಿನ ಮುಂದೆ ಕೂತು ತನ್ನ ಮಂತ್ರದ ಕಟ್ಟುಪಾಡುಗಳನ್ನು ಬಾಯಲ್ಲೇ ಹೇಳಿದಳು. ನಾನು ಅದನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಅವಳು ಹೇಳಿದ್ದು ಇದಕ್ಕಿಂತ ಚೆನ್ನಾಗಿತ್ತು. ಮಂತ್ರ ಶುರುವಾದ ಮೇಲೆ ಅದು ಮುಗಿಯುವವರೆಗೆ ಕೇಳಿಸಿಕೊಂಡವರು ಯಾರೂ ಕದಲುವಂತಿಲ್ಲ, ಶತ್ರುವೂ ಸೇರಿ. ಯಾರೇ ಹೇಳಲಿ, ತಡವರಿಸಿದರೆ ಈ ಮಂತ್ರ ತಿರುಗಿ ಹೊಡೆಯುವುದಿಲ್ಲ, ಹೇಳಲು ಎಷ್ಟು ಹೊತ್ತು ಹಿಡಿಯುತ್ತದೋ ಅದಕ್ಕೆ ಅಷ್ಟು ಬಲ. ಬೇಕೆಂದೇ ಎಳೆದರೆ ಮಂತ್ರ ಅಲ್ಲೇ ಸಾಯುತ್ತದೆ. ನಡುವೆ ಯಾರಾದರೂ ಬಾಯಿ ಹಾಕಿ ಪದ ಮುಗಿಸಿಕೊಟ್ಟರೆ, ಅಲ್ಲಿಯವರೆಗೆ ಸೇರಿದ ಬಲವೆಲ್ಲ ಅವರ ಮೇಲೆಯೇ ಬೀಳುತ್ತದೆ.

ನಾನು ತಿಂಗಳುಗಟ್ಟಲೆ ಮಂತ್ರ ಕಟ್ಟಿದವನು. ಈ ಮಂತ್ರದ ಹೊಲಿಗೆ ನೋಡಿದ ಕೂಡಲೇ ಗೊತ್ತಾಯಿತು, ಇದು ನನ್ನ ಕೈಗೆ ಬರುವ ಕೆಲಸವಲ್ಲ ಎಂದು. ಬೆಲೆ ಇತ್ತು, ಬಲ ಇತ್ತು, ಬಿಚ್ಚುವ ದಾರಿಯೂ ಇತ್ತು. ಆದರೆ ಬಸಣ್ಣ ವ್ಯಾಪಾರಿ. ಸಂದು ಹುಡುಕದೆ ಬಿಟ್ಟಾನೆಯೇ?

“ಬೇಕಂತ ಎಳದಾರೋ ಇಲ್ಲೋ ಯಾರ್ ಹೇಳ್ಬೇಕವಾ? ನಾಳೆ ನಾನೂ ಈ ಮಂತ್ರ ಕಲ್ತು ಸಂಜೀ ತನ ಎಳೀತೀನಿ. ಬೆಟ್ಟಾನ ಬೀಳಸ್ತೀನಿ.”

“ಎಳೀರಿ ನೋಡೋಣ” ಎಂದಳು ಗಿರಿಜೆ.

ಬಸಣ್ಣ ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, “ಬೆ... ಬೆ...” ಎಂದು ಶುರುಮಾಡಿದ. ಮೂರನೆಯ ‘ಬೆ’ಗೆ ಸರೋಜ, “ಆಡು ಬಂತೇನು ನೋಡ್ರಿ ಹೊರಗ” ಎಂದಳು. ನಮಗೆ ಯಾರಿಗೂ ನಗು ತಡೆಯಲಾಗಲಿಲ್ಲ. ಗಿರಿಜೆಯೂ ನಕ್ಕಳು, ಈ ಸಲ ತನಗಾಗಿ. ಬಸಣ್ಣನ ಎಳೆತ ತಕ್ಕಡಿಗೆ ಬೆರಳು ಒತ್ತಿದ ಹಾಗೆ ಎಲ್ಲರ ಕಣ್ಣಿಗೂ ಕಂಡಿತ್ತು. ಅವನು ತಲೆ ಕೆರೆದುಕೊಂಡು, “ಗೊತ್ತಾಗ್ತೈತಿ ಬಿಡ್ರಿ. ಮಂತ್ರ ಸರಿ ಐತಿ” ಎಂದು ಒಪ್ಪಿದ. ವೀರೇಶನೂ ಒಪ್ಪಿದ. ನಾನು ಒಪ್ಪುವ ಮುಂಚೆಯೇ ಕಥೆ ಮುಂದೆ ಹೋಗಿತ್ತು.

ಕಥೆಯಲ್ಲಿ ಆವತ್ತು ನಾವು ಗುಡ್ಡ ತಿನ್ನುವ ರಕ್ಕಸನ ಮುಂದೆ ನಿಂತಿದ್ದೆವು. ಓಬಳಾಪುರದ ಅದಿರಿನ ಗಣಿಗಳ ಕಡೆ ಹೋಗಿಬಂದವರಿಗೆ ಅವನ ಪರಿಚಯ ಹೇಳಬೇಕಾಗಿಲ್ಲ. ಕೆಂಪು ಮಣ್ಣು ಮೆತ್ತಿದ ಮೈ, ಒಂದೊಂದು ತುತ್ತಿಗೆ ಒಂದೊಂದು ಗುಡ್ಡ. ಬಸಣ್ಣನ ಕಳ್ಳ ಅವನ ಕಾಲಿನ ಸಂದಿಯಲ್ಲಿ ನುಸುಳಲು ಹೋಗಿ ಒದೆ ತಿಂದು ಬಿದ್ದಿದ್ದ. ನನ್ನ ನಾಟಿವೈದ್ಯ ಅವನಿಗೆ ಸೊಪ್ಪು ಅರೆಯುತ್ತಿದ್ದ. ರಕ್ಕಸ ಕೊನೆಯ ಗುಡ್ಡಕ್ಕೆ ಕೈ ಹಾಕಿದ.

ಗಿರಿಜೆ ಎದ್ದು ನಿಂತಳು. ಅವಳು ಕಟ್ಟಿಕೊಂಡಿದ್ದ ಮಂತ್ರ ಪುಟ್ಟದು. “ತಿಂದ ಗುಡ್ಡವೇ, ನಿನ್ನ ಜಾಗಕ್ಕೆ ನೀ ಬಾ.” ಮೊದಲ ಪದ ಬಂತು. ಎರಡನೆಯದರ ಮೊದಲ ಅಕ್ಷರದ ಬಾಗಿಲಲ್ಲಿ ನಿಂತಿತು. ನಿಂತೇ ಇತ್ತು. ಅವಳ ಗಂಟಲ ನರ ಬಿಗಿಯಿತು, ಕಣ್ಣು ಕಿರಿದಾಯಿತು. ಅವಳ ಆ ಒದ್ದಾಟ ನೋಡಲಾರದೆ...

“ಗುಡ್ಡ!” ಎಂದುಬಿಟ್ಟೆ ನಾನು.

ಬಸಣ್ಣ ಎರಡೂ ಕೈ ಎತ್ತಿ, “ಹೋದ್ರಪ್ಪೋ, ಅಳಿಯದೇವ್ರು ಹೋದ್ರು!” ಎಂದು ಕೂಗಿದ. ಸರೋಜಳ ಮಡಿಲಿನ ಕಾಳೆಲ್ಲ ನೆಲಕ್ಕೆ. ವೀರೇಶ ಅತ್ಯಂತ ಗಂಭೀರವಾಗಿ, ಶಾಲೆಯಲ್ಲಿ ಫಲಿತಾಂಶ ಓದುವ ದನಿಯಲ್ಲಿ, ಮಂತ್ರದ ಅಷ್ಟೂ ಬಲ ನಾಟಿವೈದ್ಯನ ಮೇಲೆ ಬಿದ್ದಿತೆಂದೂ, ಅವನು ಈಗ ಒಂದು ಸಾಧಾರಣ ಎತ್ತರದ ಗುಡ್ಡವಾಗಿದ್ದಾನೆಂದೂ, ಮೇಲೆ ಕುರುಚಲು ಗಿಡ ಬೆಳೆಯುತ್ತಿವೆಯೆಂದೂ ಘೋಷಿಸಿದ. ಗಿರಿಜೆ ಮೇಜು ಹಿಡಿದುಕೊಂಡು ನಗುತ್ತಿದ್ದಳು. “ಮಾವ, ನೀವೂ ಅವನ್ ತುತ್ತಿಗೆ ಸೇರ್ಕೊಂಡ್ರಲ್ಲ” ಎಂದಳು, ನಡುನಡುವೆ ನಿಂತು, ನಡುನಡುವೆ ನಕ್ಕು. ಯಾರೂ ಆ ಮಾತನ್ನು ಮುಗಿಸಿಕೊಡಲಿಲ್ಲ. ಅಷ್ಟರಲ್ಲಾಗಲೇ ಎಲ್ಲರಿಗೂ ಭಯ ಹುಟ್ಟಿತ್ತು.

ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಗುಡ್ಡವಾದವನು ಮಾತಾಡುವಂತಿಲ್ಲವಾದ್ದರಿಂದ ನಾನು ಸುಮ್ಮನೆ ಕೂತೆ. ಸುಮ್ಮನೆ ಕೂತಾಗ ಗೊತ್ತಾಯಿತು, ಇಷ್ಟು ವರ್ಷ ಅವಳು ಮಾತಾಡುವಾಗ ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ, ಕಣ್ಣನ್ನು ನೋಡಿರಲಿಲ್ಲ. ಕಣ್ಣಿನಲ್ಲಿ ಅವಳಿಗೆ ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಾಗಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಬೀದಿಯಲ್ಲಿ ಒಂದು ಆಟೋ ಬಂದು, ನಿಂತು, ಹೋಯಿತು. ಬಸಣ್ಣ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ‘ಗುಡ್ಡವೇ’ ಎಂಬುದು ಬಂದಾಗ ಅದು ಪೂರ್ತಿಯಾಗಿ, ಅವಳದಾಗಿಯೇ ಬಂತು. ಕೊನೆಯ ‘ಬಾ’ ಮುಗಿದಾಗ ವೀರೇಶ ದಾಳ ಮುಟ್ಟಲೂ ಇಲ್ಲ. “ಇಷ್ಟು ಬಲಕ್ಕ ದಾಳ ಯಾಕ ಬೇಕ್ರಿ?” ಎಂದ. ರಕ್ಕಸ ಬಾಯಿ ತೆರೆದ. ತಿಂದ ಗುಡ್ಡಗಳು ಒಂದೊಂದಾಗಿ ಹೊರಬಂದು, ತಮ್ಮ ತಮ್ಮ ಜಾಗ ಹುಡುಕಿಕೊಂಡು ಹೋಗಿ ಕೂತವು.

ಗುಡ್ಡವಾದ ನನ್ನ ನಾಟಿವೈದ್ಯನನ್ನು ಬಿಡಿಸುವ ಮಂತ್ರವನ್ನು ಇನ್ನೂ ಯಾರೂ ಕಟ್ಟಿಲ್ಲ. ನಾನೇ ಬೇಡವೆಂದೆ. ಈಗ ಆಟದಲ್ಲಿ ನಾನು ಕುದುರೆ ನೋಡಿಕೊಳ್ಳುವವನು. ಕುದುರೆಗಳ ಜೊತೆ ವಟಗುಟ್ಟಿದರೆ ಅವು ಬೇಸರಿಸುವುದಿಲ್ಲ. ಹೊಸ ಮಂತ್ರಗಳನ್ನು ಹೆಚ್ಚಾಗಿ ಗಿರಿಜೆಯೇ ಕಟ್ಟುತ್ತಾಳೆ. ನನ್ನ ಮೂಕಮಂತ್ರಗಳೂ ವ್ಯರ್ಥವಾಗಲಿಲ್ಲ, ಬಸಣ್ಣನ ಕಳ್ಳ ಅವನ್ನು ಎತ್ತಿಕೊಂಡ. ಕಳ್ಳನಿಗೆ ಸದ್ದಿಲ್ಲದ ವಿದ್ಯೆ ಒಪ್ಪುತ್ತದೆ. ಯಾರಿಗೆ ಯಾವುದು ಎಂದು ನಾನು ಮೊದಲೇ ಕೇಳಿದ್ದರೆ ಶೇಂಗಾ ನೆನೆಯುತ್ತಿರಲಿಲ್ಲ, ಹುಡುಗಿಯೂ ನೊಂದುಕೊಳ್ಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಕ್ಕನ ಮನೆಯಲ್ಲೊಂದು ನಾಮಕರಣವಿತ್ತು. ಸರೋಜ, ಗಿರಿಜೆ, ನಾನು, ಕಲ್ಯಾಣದುರ್ಗದ ಮೇಲೆ ಮಡಕಶಿರಕ್ಕೆ ಹೋಗುವ ಬಸ್ಸು ಹತ್ತಿದೆವು. ಜನ ತುಂಬಿ, ಗಿರಿಜೆ ಮುಂದೆ ನಿಂತಿದ್ದಳು, ನಮಗಿಬ್ಬರಿಗೆ ಹಿಂದೆ ಅರ್ಧರ್ಧ ಜಾಗ ಸಿಕ್ಕಿತ್ತು. ಕಂಡಕ್ಟರು ಮೊದಲು ಅವಳ ಹತ್ತಿರ ಬಂದು, “ಎಕ್ಕಡಿಕಮ್ಮಾ?” ಎಂದ. ಅವಳು ಹೇಳಲು ಶುರುಮಾಡಿದಳು. ಅವನಿಗೆ ಅವಸರ. “ಕಲ್ಯಾಣದುರ್ಗಮಾ?” ಎಂದು ಮೆಷಿನ್ನು ಒತ್ತಲು ಹೋದ. ಅವಳು ಅಲ್ಲವೆಂದು ತಲೆಯಾಡಿಸಿ, ಬೆರಳೆತ್ತಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು. ಕಂಡಕ್ಟರು ಕಂಬಿ ಹಿಡಿದು ನಿಂತ. ಅವನ ಹಿಂದಿನವರೂ ನಿಂತರು. “ಮಡಕಶಿರ,” ಎಂದಳು, “ಮೂರು,” ಎಂದು ನಮ್ಮ ಕಡೆ ಕೈ ತೋರಿಸಿದಳು. ಅವನು ಮೂರು ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋದ.

ಕಲ್ಯಾಣದುರ್ಗದಲ್ಲಿ ಅರ್ಧ ಬಸ್ಸು ಇಳಿಯಿತು. ಕಂಡಕ್ಟರು ಬಾಗಿಲ ಬಳಿಯಿಂದಲೇ, “ಮಡಕಶಿರ ಅಮ್ಮಾ, ಇಲ್ಲಿ ಕಿಟಕಿ ಸೀಟು ಖಾಲಿ ಆಯ್ತು ನೋಡಿ” ಎಂದು ಕೂಗಿದ. ಗಿರಿಜೆ ಹೋಗಿ ಕಿಟಕಿಯ ಪಕ್ಕ ಕೂತಳು.